ಚುನಾವಣೆ ನಡೆಸುವವರ ಮೇಲೆ ದೂರು: ಯಾರಿಗೆ, ಯಾವಾಗ, ಹೇಗೆ

ಚುನಾವಣೆಗೆ ಸಂಬಂಧಿಸಿದ ಎಷ್ಟೋ ದೂರುಗಳು ನಿಜವಾಗಿದ್ದೂ ಬಿದ್ದುಹೋಗುತ್ತವೆ. ಪಟ್ಟಿಯಲ್ಲಿ ಹೆಸರಿಲ್ಲ ಎಂದು ಮತದಾನದ ದಿನ ಜಿಲ್ಲಾಧಿಕಾರಿಗೆ ಫೋನ್ ಮಾಡುತ್ತಾರೆ. ಮತಗಟ್ಟೆಯಲ್ಲಿ ಆದ ಅನ್ಯಾಯವನ್ನು ಫಲಿತಾಂಶ ಬಂದ ಮೇಲೆ ಆಯೋಗಕ್ಕೆ ಬರೆಯುತ್ತಾರೆ. ಗ್ರಾಮ ಪಂಚಾಯಿತಿ ಚುನಾವಣೆಯ ತಕರಾರನ್ನು ದೆಹಲಿಗೆ ಕಳಿಸುತ್ತಾರೆ. ಪ್ರತಿಯೊಂದು ತಕರಾರಿಗೂ ಕೇಳಬೇಕಾದ ಒಬ್ಬ ಅಧಿಕಾರಿ ಇದ್ದಾರೆ, ಒಂದು ಗಡುವೂ ಇದೆ. ಎರಡರಲ್ಲಿ ಒಂದು ತಪ್ಪಿದರೂ ಅರ್ಜಿ ಕಡತ ಸೇರಿ ಅಲ್ಲೇ ಉಳಿಯುತ್ತದೆ.

ಗಡುವು ಇಷ್ಟು ಬಿಗಿಯಾಗಿರುವುದಕ್ಕೆ ಕಾರಣ ಸಂವಿಧಾನದಲ್ಲೇ ಇದೆ. 329ನೇ ವಿಧಿಯ ಪ್ರಕಾರ ಸಂಸತ್ತಿನ ಅಥವಾ ವಿಧಾನಮಂಡಲದ ಚುನಾವಣೆಯನ್ನು ಚುನಾವಣಾ ತಕರಾರು ಅರ್ಜಿಯ ಮೂಲಕವಲ್ಲದೆ ಬೇರೆ ಯಾವ ದಾರಿಯಲ್ಲೂ ಪ್ರಶ್ನಿಸುವಂತಿಲ್ಲ. 1952ರ ಪೊನ್ನುಸ್ವಾಮಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಖಚಿತಪಡಿಸಿತು. ಅಧಿಸೂಚನೆಯಿಂದ ಫಲಿತಾಂಶದವರೆಗಿನ ಎಲ್ಲವೂ ‘ಚುನಾವಣೆ’ಯೇ, ನಾಮಪತ್ರ ತಿರಸ್ಕಾರವಾದರೂ ನಡುವೆ ಬಂದು ರಿಟ್ ಹಾಕುವ ಹಾಗಿಲ್ಲ ಎಂದಿತು. ಹಾಗಾಗಿ ಚುನಾವಣೆ ನಡೆಯುತ್ತಿರುವಾಗ ಅದನ್ನು ನಡೆಸುವ ಅಧಿಕಾರಿಗಳ ಮುಂದೆಯೇ ಲಿಖಿತ ದೂರು ಹೂಡಬೇಕು. ಮುಗಿದ ಮೇಲೆ ಹೈಕೋರ್ಟಿಗೆ ಹೋಗಬೇಕು. ಮೊದಲ ಹಂತದಲ್ಲಿ ಕಾಗದ ಹುಟ್ಟದಿದ್ದರೆ ಎರಡನೆಯ ಹಂತದಲ್ಲಿ ತೋರಿಸಲು ಕೈಯಲ್ಲಿ ಏನೂ ಇರುವುದಿಲ್ಲ.

ಮೊದಲು ಯಾವ ಆಯೋಗ ಎಂದು ನೋಡಿಕೊಳ್ಳಿ

ಲೋಕಸಭೆ, ರಾಜ್ಯಸಭೆ, ವಿಧಾನಸಭೆ, ವಿಧಾನ ಪರಿಷತ್ತು ಭಾರತ ಚುನಾವಣಾ ಆಯೋಗದ ವ್ಯಾಪ್ತಿ. ಗ್ರಾಮ, ತಾಲ್ಲೂಕು, ಜಿಲ್ಲಾ ಪಂಚಾಯಿತಿಗಳು ಮತ್ತು ನಗರ ಸ್ಥಳೀಯ ಸಂಸ್ಥೆಗಳು ರಾಜ್ಯ ಚುನಾವಣಾ ಆಯೋಗದ ವ್ಯಾಪ್ತಿ. ಇವೆರಡೂ ಬೇರೆ ಬೇರೆ ಸಂಸ್ಥೆಗಳು, ಒಂದು ಇನ್ನೊಂದರ ಶಾಖೆಯಲ್ಲ. ಕ್ಷೇತ್ರ ಮಟ್ಟದಲ್ಲಿ ಅದೇ ತಹಶೀಲ್ದಾರ್, ಅದೇ ಜಿಲ್ಲಾಧಿಕಾರಿ ಎರಡೂ ಕೆಲಸ ಮಾಡುವುದರಿಂದ ಜನರಿಗೆ ಗೊಂದಲವಾಗುವುದು ಸಹಜ. ದೂರಿನ ಮೊದಲ ಸಾಲಿನಲ್ಲೇ ಯಾವ ಚುನಾವಣೆ ಎಂದು ಬರೆದುಬಿಡಿ.

ಭಾರತ ಚುನಾವಣಾ ಆಯೋಗದ ಕೆಳಗಿನ ಸಾಲು ಹೀಗಿದೆ: ಮತಗಟ್ಟೆ ಮಟ್ಟದಲ್ಲಿ ಬಿಎಲ್‌ಒ (ಬೂತ್ ಮಟ್ಟದ ಅಧಿಕಾರಿ), ಕ್ಷೇತ್ರದ ಮತದಾರರ ಪಟ್ಟಿಗೆ ಮತದಾರರ ನೋಂದಣಾಧಿಕಾರಿ, ಅವರ ಕೈಕೆಳಗೆ ಸಹಾಯಕ ನೋಂದಣಾಧಿಕಾರಿ, ಚುನಾವಣೆ ನಡೆಸಲು ಚುನಾವಣಾಧಿಕಾರಿ, ಜಿಲ್ಲೆಗೆ ಜಿಲ್ಲಾ ಚುನಾವಣಾಧಿಕಾರಿ, ರಾಜ್ಯಕ್ಕೆ ಮುಖ್ಯ ಚುನಾವಣಾಧಿಕಾರಿ. ಚುನಾವಣೆ ಘೋಷಣೆಯಾದ ಮೇಲೆ ಹೊರರಾಜ್ಯದಿಂದ ವೀಕ್ಷಕರೂ ಬರುತ್ತಾರೆ. ಅವರ ಫೋನ್ ಸಂಖ್ಯೆ ಮತ್ತು ಜನರನ್ನು ಭೇಟಿಯಾಗುವ ಸಮಯವನ್ನು ಪತ್ರಿಕೆಗಳಲ್ಲಿ ಪ್ರಕಟಿಸುತ್ತಾರೆ, ಕತ್ತರಿಸಿ ಇಟ್ಟುಕೊಳ್ಳಿ. ಸ್ಥಳೀಯ ಅಧಿಕಾರಿಯ ಮೇಲೆಯೇ ದೂರಿದ್ದಾಗ ವೀಕ್ಷಕರಷ್ಟು ಉಪಯೋಗಕ್ಕೆ ಬರುವವರು ಬೇರೆ ಇಲ್ಲ. ಅವರು ಆ ಜಿಲ್ಲೆಯ ಯಾರಿಗೂ ಅಧೀನರಲ್ಲ.

ಬರೆಯುವ ರೀತಿ

‘ನಮ್ಮೂರಿನಲ್ಲಿ ಭಾರೀ ಅಕ್ರಮ ನಡೆಯುತ್ತಿದೆ, ದಯವಿಟ್ಟು ಕ್ರಮ ಕೈಗೊಳ್ಳಿ’ ಎಂಬ ಅರ್ಜಿಯ ಮೇಲೆ ಯಾವ ಅಧಿಕಾರಿಯೂ ಏನೂ ಮಾಡಲಾರ. ಎಲ್ಲಿ ಹೋಗಿ ಏನು ನೋಡಬೇಕೆಂದು ಅದರಲ್ಲಿಲ್ಲ. ಕೆಲಸಕ್ಕೆ ಬರುವ ದೂರು ಹೀಗಿರುತ್ತದೆ (ಟೆಂಡರ್ ಮತಪತ್ರ ಎಂದರೆ ನಿಮ್ಮ ಹೆಸರಿನಲ್ಲಿ ಬೇರೆಯವರು ಮತ ಹಾಕಿಹೋಗಿದ್ದಾಗ ನಿಮಗೆ ಕೊಡುವ ಕಾಗದದ ಮತಪತ್ರ):

‘ವಿಧಾನಸಭಾ ಕ್ಷೇತ್ರದ ಹೆಸರು ಮತ್ತು ಸಂಖ್ಯೆ. ಭಾಗ ಸಂಖ್ಯೆ 112, ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಬಲಭಾಗದ ಕೊಠಡಿಯ ಮತಗಟ್ಟೆ. ದಿನಾಂಕ, ಬೆಳಿಗ್ಗೆ 10.40. ಪಟ್ಟಿಯ ಕ್ರಮ ಸಂಖ್ಯೆ 347ರ ಮತದಾರನಾದ ನಾನು ಮತ ಹಾಕಲು ಹೋದಾಗ ನನ್ನ ಹೆಸರಿನಲ್ಲಿ ಆಗಲೇ ಮತ ಚಲಾವಣೆಯಾಗಿದೆ ಎಂದರು. ಟೆಂಡರ್ ಮತಪತ್ರ ಕೇಳಿದೆ, ಕೊಡಲಿಲ್ಲ. ಆಗ ಅಲ್ಲಿ ಇಬ್ಬರು ಏಜೆಂಟರಿದ್ದರು. ಹೆಸರು ಕೆಳಗೆ ಬರೆದಿದ್ದೇನೆ. 1961ರ ಚುನಾವಣೆ ನಡೆಸುವ ನಿಯಮಗಳ 49ಪಿ ಪ್ರಕಾರ ನನಗೆ ಟೆಂಡರ್ ಮತಪತ್ರ ಕೊಡಿಸಬೇಕು, ನಿರಾಕರಿಸಿದ್ದಕ್ಕೆ ಕಾರಣವನ್ನು ಲಿಖಿತವಾಗಿ ತಿಳಿಸಬೇಕು.’

ಇಷ್ಟರಲ್ಲಿ ಸ್ಥಳ, ಹೊತ್ತು, ಆದದ್ದು, ಸಾಕ್ಷಿ, ನಿಯಮ, ಕೋರಿಕೆ ಎಲ್ಲವೂ ಬಂದವು. ಕೋರಿಕೆ ಬರೆಯದ ದೂರು ಬಹಳ. ನಿಮಗೆ ಏನು ಬೇಕೆಂದು ನೀವು ಹೇಳದಿದ್ದರೆ ‘ಪರಿಶೀಲಿಸಲಾಗುವುದು’ ಎಂಬ ಒಂದು ಸಾಲಿಗೆ ವಿಷಯ ಮುಗಿದುಹೋಗುತ್ತದೆ. ಒಂದು ಅರ್ಜಿಯಲ್ಲಿ ಒಂದೇ ವಿಷಯವಿರಲಿ. ಹಣ ಹಂಚಿಕೆ, ಪಟ್ಟಿಯಲ್ಲಿನ ತಪ್ಪು, ಅಧಿಕಾರಿಯ ಪಕ್ಷಪಾತ ಮೂರನ್ನೂ ಒಂದೇ ಹಾಳೆಯಲ್ಲಿ ತುಂಬಿದರೆ ಮೂರು ಶಾಖೆಗಳ ನಡುವೆ ಅದು ಅಲೆಯುತ್ತದೆ. ಕಣ್ಣಾರೆ ಕಂಡದ್ದನ್ನೂ ಕೇಳಿ ತಿಳಿದದ್ದನ್ನೂ ಬೇರೆ ಬೇರೆ ಬರೆಯಿರಿ. ಕೇಳಿದ್ದನ್ನು ಕಂಡೆ ಎಂದು ಬರೆದು ವಿಚಾರಣೆಯಲ್ಲಿ ಸಿಕ್ಕಿಬಿದ್ದರೆ ಕಂಡದ್ದಕ್ಕೂ ಬೆಲೆ ಹೋಗುತ್ತದೆ.

ಎರಡು ಪ್ರತಿ ಮಾಡಿ. ಒಂದನ್ನು ಟಪಾಲು ವಿಭಾಗಕ್ಕೆ ಕೊಟ್ಟು ಇನ್ನೊಂದರ ಮೇಲೆ ಮುದ್ರೆ, ದಿನಾಂಕ, ಸ್ವೀಕೃತಿ ಸಂಖ್ಯೆ, ಪಡೆದವರ ರುಜು ಹಾಕಿಸಿಕೊಳ್ಳಿ. ತೆಗೆದುಕೊಳ್ಳಲು ಒಪ್ಪದಿದ್ದರೆ ಅದೇ ದಿನ ನೋಂದಾಯಿತ ಅಂಚೆಯಲ್ಲಿ ಕಳಿಸಿ, ಜೊತೆಗೆ ಇಮೇಲ್ ಮಾಡಿ. 1950 ಸಹಾಯವಾಣಿಗೆ ಕರೆ ಮಾಡಿದರೂ ದೂರಿನ ಸಂಖ್ಯೆ ಕೇಳಿ ಬರೆದುಕೊಳ್ಳಿ. ಆಯೋಗದ ಮತದಾರರ ಸೇವಾ ಪೋರ್ಟಲ್‌ನಲ್ಲೂ ದೂರು ದಾಖಲಿಸಬಹುದು, ಅಲ್ಲಿ ಸಂಖ್ಯೆ ತಾನಾಗಿ ಬರುತ್ತದೆ. ಉತ್ತರ ಕೇಳುವಾಗ ‘ಹಿಂಬರಹ ಕೊಡಿ’ ಎಂದೇ ಕೇಳಿ, ಅಂದರೆ ಅರ್ಜಿಗೆ ಅಧಿಕಾರಿ ಕೊಡುವ ಲಿಖಿತ ಉತ್ತರ. ಅರ್ಜಿ ತಿರಸ್ಕಾರವಾದರೂ ಹಿಂಬರಹ ಕೈಯಲ್ಲಿದ್ದರೆ ಮೇಲಿನವರಿಗೆ ಹೋಗಬಹುದು. ಬಾಯಿಮಾತಿನ ‘ಆಗಲ್ಲ’ಕ್ಕೆ ಮೇಲ್ಮನವಿ ಇಲ್ಲ.

ಮತದಾರರ ಪಟ್ಟಿಯ ತಕರಾರು

ಅತಿ ಹೆಚ್ಚು ನೋವು ಇಲ್ಲೇ. ಪಟ್ಟಿಯಲ್ಲಿ ಹೆಸರಿಲ್ಲದವನಿಗೆ ಎಪಿಕ್ ಕಾರ್ಡ್ (ಮತದಾರರ ಗುರುತಿನ ಚೀಟಿ) ಇದ್ದೂ ಮತವಿಲ್ಲ. ಕಾರ್ಡ್ ಗುರುತು ಮಾತ್ರ, ಹಕ್ಕು ಕೊಡುವುದು ಪಟ್ಟಿ.

ಪಟ್ಟಿಗೆ ಸಂಬಂಧಿಸಿ ಸಾದಾ ಅರ್ಜಿ ಬರೆದರೆ ನಡೆಯುವುದಿಲ್ಲ, 1960ರ ಮತದಾರರ ನೋಂದಣಿ ನಿಯಮಗಳ ನಮೂನೆಯಲ್ಲೇ ಕೊಡಬೇಕು. ಹೆಸರು ಸೇರಿಸಲು ನಮೂನೆ 6. ಬೇರೆಯವರ ಹೆಸರಿಗೆ ಆಕ್ಷೇಪಣೆ ಅಥವಾ ತೆಗೆಸಲು ನಮೂನೆ 7. ತಿದ್ದುಪಡಿ, ವಿಳಾಸ ಬದಲಾವಣೆ, ಬದಲಿ ಕಾರ್ಡ್, ಅಂಗವಿಕಲರೆಂದು ಗುರುತಿಸಲು ನಮೂನೆ 8. ವಿದೇಶದಲ್ಲಿರುವ ಭಾರತೀಯರಿಗೆ 6ಎ. 2022ರಿಂದ ವರ್ಷದಲ್ಲಿ ನಾಲ್ಕು ಅರ್ಹತಾ ದಿನಾಂಕಗಳಿವೆ: ಜನವರಿ 1, ಏಪ್ರಿಲ್ 1, ಜುಲೈ 1, ಅಕ್ಟೋಬರ್ 1. ಆ ದಿನಕ್ಕೆ 18 ತುಂಬಿದವರು ಮುಂದಿನ ಜನವರಿಗೆ ಕಾಯಬೇಕಿಲ್ಲ.

ಅರ್ಜಿ ಬಂದ ಮೇಲೆ ನೋಂದಣಾಧಿಕಾರಿ ಅದನ್ನು ಪ್ರಕಟಿಸಿ ಆಕ್ಷೇಪಣೆಗೆ 7 ದಿನ ಬಿಡಬೇಕು. ಆ ಅವಧಿ ಮುಗಿಯುವವರೆಗೆ ಆದೇಶ ಮಾಡುವಂತಿಲ್ಲ. ಇದನ್ನು ಅರಿಯದೆ ಕೊನೆಯ ವಾರದಲ್ಲಿ ನಮೂನೆ 6 ತಂದುಕೊಡುವವರು ಬಹಳ. ನಾಮಪತ್ರ ಸಲ್ಲಿಕೆಯ ಕೊನೆಯ ದಿನ ದಾಟಿದರೆ 1950ರ ಪ್ರಜಾಪ್ರತಿನಿಧಿ ಕಾಯ್ದೆಯ 23ನೇ ಕಲಂ ಪ್ರಕಾರ ಆ ಚುನಾವಣೆಗೆ ಯಾರ ಹೆಸರನ್ನೂ ಸೇರಿಸುವಂತಿಲ್ಲ, ಅಳಿಸುವಂತೆಯೂ ಇಲ್ಲ. 7 ದಿನ ಕಳೆದು ಆದೇಶವೂ ಆಗಬೇಕಾದ್ದರಿಂದ ಆ ಕೊನೆಯ ದಿನಕ್ಕೆ ಕನಿಷ್ಠ 10 ದಿನ ಮೊದಲೇ ಅರ್ಜಿ ಕಚೇರಿಯಲ್ಲಿರಬೇಕು.

ಹೆಸರು ಅಳಿಸಿದ್ದಾರೆ ಎಂಬ ದೂರಿಗೆ ಹೆಚ್ಚು ಬಲವಿದೆ. ಸತ್ತವರನ್ನು ಬಿಟ್ಟು ಬೇರೆ ಯಾರ ಹೆಸರನ್ನಾದರೂ ತೆಗೆಯುವ ಮುಂಚೆ ಅವರಿಗೆ ಹೇಳಿಕೊಳ್ಳುವ ಅವಕಾಶ ಕೊಡಲೇಬೇಕೆಂದು 22ನೇ ಕಲಂ ಹೇಳುತ್ತದೆ. 1995ರ ಲಾಲ್ ಬಾಬು ಹುಸೇನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ಇನ್ನಷ್ಟು ಒತ್ತು ಕೊಟ್ಟಿತು. ಹಿಂದಿನ ಪಟ್ಟಿಯಲ್ಲಿ ಇದ್ದ ಹೆಸರಿಗೆ ತೂಕ ಕೊಡಬೇಕು, ಸಾರಾಸಗಟಾಗಿ ತೆಗೆಯಕೂಡದು ಎಂದಿತು. ಆದ್ದರಿಂದ ಹೆಸರು ಹೋದವರು ಎರಡು ಕೆಲಸ ಮಾಡಬೇಕು. ತಕ್ಷಣ ನಮೂನೆ 6 ಕೊಟ್ಟು ಈ ಚುನಾವಣೆಗೆ ಮತ ಉಳಿಸಿಕೊಳ್ಳುವುದು ಒಂದು. ಅಳಿಸಿದ ಆದೇಶ, ನೋಟಿಸ್ ಜಾರಿಯಾದ ಬಗೆ, ನಮೂನೆ 7 ಕೊಟ್ಟವರು ಯಾರು, ಬಿಎಲ್‌ಒ ಸ್ಥಳ ಪರಿಶೀಲನೆಯ ವರದಿ ಏನು ಎಂದು ದೃಢೀಕೃತ ಪ್ರತಿ ಕೇಳುವುದು ಇನ್ನೊಂದು. ಎರಡನೆಯದನ್ನು ಬಿಟ್ಟರೆ ಅದೇ ಕೈ ಮುಂದಿನ ಸಲ ಪಕ್ಕದ ಬೀದಿಯನ್ನು ಅಳಿಸುತ್ತದೆ.

ಕಲಬುರಗಿ ಜಿಲ್ಲೆಯ ಆಳಂದದಲ್ಲಿ ಆದದ್ದು ಇದೇ ಬಗೆಯದು. 2023ರ ವಿಧಾನಸಭಾ ಚುನಾವಣೆಗೆ ಮುಂಚೆ ಅಲ್ಲಿ ಹೆಸರು ತೆಗೆಸಲು 6,018 ನಮೂನೆ 7 ಅರ್ಜಿಗಳು ಆನ್‌ಲೈನ್‌ನಲ್ಲಿ ಬಂದಿದ್ದವು. ಅನುಮಾನ ಬಂದು ಮನೆಮನೆಗೆ ಹೋಗಿ ನೋಡಿದಾಗ ಸರಿ ಇದ್ದದ್ದು 24 ಮಾತ್ರ, ಉಳಿದ 5,994 ತಪ್ಪು ಎಂದು ತಿಳಿಯಿತು. ಅವು ತಿರಸ್ಕಾರವಾದವು, ನೋಂದಣಾಧಿಕಾರಿಯೇ ಆ ವರ್ಷದ ಫೆಬ್ರುವರಿಯಲ್ಲಿ ಎಫ್‌ಐಆರ್ ಹಾಕಿಸಿದರು. ಅಳಿಸುವ ಮುಂಚೆಯೇ ತಕರಾರು ಎದ್ದದ್ದರಿಂದ ಹೆಸರುಗಳು ಉಳಿದವು. 2025ರಲ್ಲಿ ಆನ್‌ಲೈನ್ ಅರ್ಜಿಗಳಿಗೆ ಆಧಾರ್‌ಗೆ ಜೋಡಿಸಿದ ಮೊಬೈಲ್‌ನಿಂದ ಇ-ಸಹಿ ಮಾಡುವ ವ್ಯವಸ್ಥೆಯೂ ಬಂತು.

ಇಂಥದ್ದನ್ನು ಮುಂಚೆಯೇ ಹಿಡಿಯಲು ದಾರಿಯಿದೆ. ಬಂದ ಅರ್ಜಿಗಳ ಪಟ್ಟಿಯನ್ನು ನಮೂನೆ 9, 10, 11ರಲ್ಲಿ ನೋಂದಣಾಧಿಕಾರಿ ಪ್ರಕಟಿಸಬೇಕು. ಹೆಸರು ಸೇರ್ಪಡೆಯದು 9, ಆಕ್ಷೇಪಣೆಯದು 10, ತಿದ್ದುಪಡಿಯದು 11. ವಾರಕ್ಕೊಮ್ಮೆ ನಮೂನೆ 10 ನೋಡುವ ಒಬ್ಬರು ಪ್ರತಿ ಮತಗಟ್ಟೆಗೂ ಇದ್ದರೆ ಗುಂಪು ಗುಂಪಾಗಿ ಹೆಸರು ಅಳಿಸುವ ಆಟ ನಡೆಯಲಾರದು. ನಮೂನೆ 7 ಕೊಡುವವರು ಅದೇ ಕ್ಷೇತ್ರದ ಮತದಾರರಾಗಿರಬೇಕು ಎಂಬುದನ್ನೂ ನೆನಪಿಡಿ. ಪಕ್ಷದ ಬೂತ್ ಮಟ್ಟದ ಏಜೆಂಟರು ಸಾಮಾನ್ಯ ಪರಿಷ್ಕರಣೆಯಲ್ಲಿ ದಿನಕ್ಕೆ 10ಕ್ಕಿಂತ ಹೆಚ್ಚು ಅರ್ಜಿ ತರುವಂತಿಲ್ಲ. ಒಟ್ಟು 30 ದಾಟಿದರೆ ನೋಂದಣಾಧಿಕಾರಿ ಅಥವಾ ಸಹಾಯಕ ನೋಂದಣಾಧಿಕಾರಿಯೇ ಖುದ್ದು ಪರಿಶೀಲಿಸಬೇಕು. ಸುಳ್ಳು ಘೋಷಣೆ ಮಾಡಿದವರಿಗೆ 31ನೇ ಕಲಂ ಅಡಿ ಒಂದು ವರ್ಷದವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ.

ನೋಂದಣಾಧಿಕಾರಿಯ ಆದೇಶ ಒಪ್ಪಿಗೆಯಾಗದಿದ್ದರೆ 24ನೇ ಕಲಂ ಅಡಿ ಮೊದಲ ಮೇಲ್ಮನವಿ ಜಿಲ್ಲಾ ದಂಡಾಧಿಕಾರಿಗೆ, ಆದೇಶದ ದಿನದಿಂದ 15 ದಿನದೊಳಗೆ. ಅಲ್ಲೂ ಆಗದಿದ್ದರೆ ಎರಡನೆಯದು ಮುಖ್ಯ ಚುನಾವಣಾಧಿಕಾರಿಗೆ, 30 ದಿನದೊಳಗೆ. ಆದೇಶದ ಪ್ರತಿಯನ್ನು ಲಗತ್ತಿಸಬೇಕು. ಇದಕ್ಕಾಗಿಯೇ ಹಿಂಬರಹದ ಬಗ್ಗೆ ಮೇಲೆ ಅಷ್ಟು ಹೇಳಿದ್ದು. ಈ ವಿಷಯಗಳಲ್ಲಿ ಸಿವಿಲ್ ಕೋರ್ಟಿಗೆ ಅಧಿಕಾರವಿಲ್ಲ, ಅಲ್ಲಿ ದಾವೆ ಹೂಡಿ ದಿನ ಕಳೆಯಬೇಡಿ.

ಬಿಎಲ್‌ಒ ಅಥವಾ ನೋಂದಣಾಧಿಕಾರಿ ಬೇಕೆಂದೇ ಕರ್ತವ್ಯ ತಪ್ಪಿದ್ದರೆ 32ನೇ ಕಲಂ ಇದೆ: ಕನಿಷ್ಠ 3 ತಿಂಗಳು, ಗರಿಷ್ಠ 2 ವರ್ಷ ಜೈಲು ಮತ್ತು ದಂಡ. ಆದರೆ ಆಯೋಗದ ಅಥವಾ ಮುಖ್ಯ ಚುನಾವಣಾಧಿಕಾರಿಯ ಆದೇಶದ ಮೇರೆಗೆ ದೂರು ಸಲ್ಲಿಕೆಯಾದರೆ ಮಾತ್ರ ನ್ಯಾಯಾಲಯ ಅದನ್ನು ವಿಚಾರಣೆಗೆ ತೆಗೆದುಕೊಳ್ಳುತ್ತದೆ. ಠಾಣೆಗೆ ಹೋಗಿ ‘ಬಿಎಲ್‌ಒ ಮೇಲೆ ಎಫ್‌ಐಆರ್ ಹಾಕಿ’ ಎಂದರೆ ಪ್ರಯೋಜನವಿಲ್ಲ. ದಾಖಲೆಗಳನ್ನು ಜೋಡಿಸಿ ಜಿಲ್ಲಾ ಚುನಾವಣಾಧಿಕಾರಿಯ ಮೂಲಕ ಮುಖ್ಯ ಚುನಾವಣಾಧಿಕಾರಿಗೆ ಹೋಗಬೇಕು.

ನೀತಿ ಸಂಹಿತೆ ಜಾರಿಯಲ್ಲಿರುವಾಗ

ಹಣ, ಸೀರೆ, ಮದ್ಯ ಹಂಚಿಕೆ, ಅನುಮತಿ ಇಲ್ಲದ ಧ್ವನಿವರ್ಧಕ, ಸರ್ಕಾರಿ ವಾಹನದ ಬಳಕೆ, ದ್ವೇಷದ ಭಾಷಣ ಇವಕ್ಕೆಲ್ಲ ಸಿ-ವಿಜಿಲ್ ಆ್ಯಪ್ ಇದೆ. 2018ರಲ್ಲಿ ಬಂದದ್ದು. ಇದರ ಲೆಕ್ಕ 100 ನಿಮಿಷದ್ದು: ಜಿಲ್ಲಾ ನಿಯಂತ್ರಣ ಕೊಠಡಿ 5 ನಿಮಿಷದಲ್ಲಿ ಫ್ಲೈಯಿಂಗ್ ಸ್ಕ್ವಾಡ್‌ಗೆ ವಹಿಸುತ್ತದೆ, ತಂಡ 15 ನಿಮಿಷದಲ್ಲಿ ಸ್ಥಳ ತಲುಪಬೇಕು, 30 ನಿಮಿಷದಲ್ಲಿ ಪರಿಶೀಲಿಸಿ ವರದಿ ಕೊಡಬೇಕು, ಉಳಿದ 50 ನಿಮಿಷದಲ್ಲಿ ಚುನಾವಣಾಧಿಕಾರಿ ತೀರ್ಮಾನಿಸಬೇಕು.

ಆ್ಯಪ್‌ನಲ್ಲಿ ಜನ ಎಡವುವ ಕಡೆಗಳು ಗೊತ್ತಿರುವಂಥವೇ. ಗ್ಯಾಲರಿಯಲ್ಲಿರುವ ಹಳೆಯ ಫೋಟೊ, ವಾಟ್ಸ್‌ಆ್ಯಪ್‌ನಲ್ಲಿ ಬಂದ ವಿಡಿಯೊ ಹಾಕಲು ಬರುವುದಿಲ್ಲ. ಸ್ಥಳದಲ್ಲೇ ನಿಂತು ಆ್ಯಪ್ ಒಳಗಿಂದಲೇ ತೆಗೆಯಬೇಕು, ವಿಡಿಯೊ 2 ನಿಮಿಷದವರೆಗೆ. ತೆಗೆದ ಮೇಲೆ 5 ನಿಮಿಷದೊಳಗೆ ಕಳಿಸಬೇಕು. ಫೋನಿನ ಲೊಕೇಶನ್ ಆನ್ ಇರಬೇಕು. ಹೆಸರು ಹೇಳದೆಯೂ ದೂರಬಹುದು, ಆದರೆ ಆಗ ದೂರು ಏನಾಯಿತೆಂದು ನೋಡಲು ಸಂಖ್ಯೆ ಸಿಗುವುದಿಲ್ಲ. ಜೀವಭಯ ಇದ್ದರೆ ಹೆಸರು ಹೇಳಬೇಡಿ, ಇಲ್ಲದಿದ್ದರೆ ಹೇಳುವುದೇ ಒಳ್ಳೆಯದು. ಚೌಕಟ್ಟಿನೊಳಗೆ ಅಂಗಡಿಯ ಬೋರ್ಡು, ವಾಹನದ ನೋಂದಣಿ ಸಂಖ್ಯೆ, ದೇವಸ್ಥಾನದ ಗೋಪುರ ಹೀಗೆ ಗುರುತು ಸಿಗುವ ಏನಾದರೂ ಬರಲಿ. ತಂಡ ಬರುವಷ್ಟರಲ್ಲಿ ಹಂಚುವವರು ಹೊರಟುಹೋಗಿದ್ದರೂ ವಾಹನದ ಸಂಖ್ಯೆ ಉಳಿಯುತ್ತದೆ.

ನೀತಿ ಸಂಹಿತೆ ಸ್ವತಃ ಕಾನೂನಲ್ಲ. ಅದನ್ನು ಮುರಿದದ್ದಕ್ಕೆ ಆಯೋಗ ಎಚ್ಚರಿಕೆ ಕೊಡಬಹುದು, ಪ್ರಚಾರದಿಂದ ದೂರವಿಡಬಹುದು. ಶಿಕ್ಷೆ ಆಗಬೇಕಾದರೆ ಅದೇ ಕೃತ್ಯ ಬೇರೆ ಕಾಯ್ದೆಯಡಿ ಅಪರಾಧವಾಗಿರಬೇಕು. ಲಂಚಕ್ಕೆ ಭಾರತೀಯ ನ್ಯಾಯ ಸಂಹಿತೆಯ 173ನೇ ಕಲಂ. ಮುದ್ರಕ, ಪ್ರಕಾಶಕರ ಹೆಸರಿಲ್ಲದ ಕರಪತ್ರಕ್ಕೆ 1951ರ ಪ್ರಜಾಪ್ರತಿನಿಧಿ ಕಾಯ್ದೆಯ 127ಎ. ಮತದಾನ ಮುಗಿಯುವ ಹೊತ್ತಿಗೆ ಹಿಂದಿನ 48 ಗಂಟೆಯಲ್ಲಿ ಸಭೆ ಮಾಡಿದರೆ 126. ಧರ್ಮ, ಜಾತಿ, ಭಾಷೆಯ ಹೆಸರಿನಲ್ಲಿ ದ್ವೇಷ ಹರಡಿದರೆ 125. ಕಲಂ ಗೊತ್ತಿಲ್ಲದಿದ್ದರೂ ದೂರು ಕೊಡಿ, ಗೊತ್ತಿದ್ದರೆ ಬರೆಯಿರಿ.

ಇಲ್ಲಿ ಒಂದು ತೊಡಕನ್ನು ಚೆನ್ನಾಗಿ ತಿಳಿದಿರಬೇಕು, ಪ್ರಕರಣಗಳು ಸೋರಿಹೋಗುವುದು ಇಲ್ಲೇ. ಚುನಾವಣಾ ಲಂಚ ಅಸಂಜ್ಞೇಯ ಅಪರಾಧ. ಪೊಲೀಸರು ಮ್ಯಾಜಿಸ್ಟ್ರೇಟರ ಅನುಮತಿ ಪಡೆಯದೆ ತನಿಖೆ ಮಾಡಿದರೆ ಆ ಎಫ್‌ಐಆರ್ ಹೈಕೋರ್ಟಿನಲ್ಲಿ ನಿಲ್ಲುವುದಿಲ್ಲ. ಅಧಿಕಾರಿಯ ಆದೇಶ ಮೀರಿದ್ದಕ್ಕೆ ನ್ಯಾಯ ಸಂಹಿತೆಯ 223ನೇ ಕಲಂ ಹಾಕಬೇಕಾದರೆ ಆ ಅಧಿಕಾರಿಯೇ ನ್ಯಾಯಾಲಯಕ್ಕೆ ಲಿಖಿತ ದೂರು ಕೊಡಬೇಕು, ಠಾಣೆಯ ವರದಿ ಸಾಲದು. ಆದ್ದರಿಂದ ದೂರು ಕೊಟ್ಟ ಮೇಲೆ ‘ಎಫ್‌ಐಆರ್ ಆಯಿತು’ ಎಂದು ಸುಮ್ಮನಾಗದೆ, ಮ್ಯಾಜಿಸ್ಟ್ರೇಟರ ಅನುಮತಿಯ ದಿನಾಂಕ ಯಾವುದು ಎಂದು ಠಾಣೆಯಲ್ಲಿ ಕೇಳಿ.

ಚೆಕ್‌ಪೋಸ್ಟಿನಲ್ಲಿ ವ್ಯಾಪಾರದ ಹಣ ಜಪ್ತಿಯಾದವರದು ಬೇರೆ ಬಗೆಯ ದೂರು. ₹50,000ಕ್ಕಿಂತ ಹೆಚ್ಚು ನಗದು ಒಯ್ಯುವಾಗ ಬ್ಯಾಂಕಿನ ಚೀಟಿ, ಬಿಲ್ಲು, ಎಪಿಎಂಸಿ ಪಟ್ಟಿಯಂಥ ದಾಖಲೆ ಜೊತೆಗಿರಲಿ. ಜಪ್ತಿಯಾದರೆ ರಸೀತಿ ಪಡೆದು ಜಿಲ್ಲಾ ಕುಂದುಕೊರತೆ ಸಮಿತಿಗೆ ಹೋಗಿ. ಅದರಲ್ಲಿ ಜಿಲ್ಲಾ ಪಂಚಾಯಿತಿ ಸಿಇಒ, ಚುನಾವಣಾ ವೆಚ್ಚದ ನೋಡಲ್ ಅಧಿಕಾರಿ, ಜಿಲ್ಲಾ ಖಜಾನೆ ಅಧಿಕಾರಿ ಇರುತ್ತಾರೆ. ಅಭ್ಯರ್ಥಿಗೆ, ಪಕ್ಷಕ್ಕೆ ಸಂಬಂಧವಿಲ್ಲ, ಎಫ್‌ಐಆರ್ ಕೂಡ ಆಗಿಲ್ಲ ಎಂದಾದರೆ ಹಣ ಬಿಡಬೇಕು. ಮತದಾನವಾಗಿ 7 ದಿನ ಕಳೆದ ಮೇಲೆ ಅಂಥ ಹಣವನ್ನು ಇಟ್ಟುಕೊಳ್ಳುವಂತಿಲ್ಲ.

ನಾಮಪತ್ರ ಪರಿಶೀಲನೆಯ ಕೊಠಡಿಯೊಳಗೆ ಅಭ್ಯರ್ಥಿ, ಚುನಾವಣಾ ಏಜೆಂಟ್, ಒಬ್ಬ ಸೂಚಕ ಮತ್ತು ಅಭ್ಯರ್ಥಿ ಲಿಖಿತವಾಗಿ ನೇಮಿಸಿದ ಇನ್ನೊಬ್ಬರಿಗೆ ಮಾತ್ರ ಪ್ರವೇಶ. ಸಾಮಾನ್ಯ ಮತದಾರರು ತಮ್ಮಲ್ಲಿರುವ ದಾಖಲೆಯನ್ನು ಅವರಲ್ಲೊಬ್ಬರ ಮೂಲಕ ಕೊಡಬೇಕು. ಪ್ರಮಾಣಪತ್ರದಲ್ಲಿ ಅಂಕಣ ಖಾಲಿ ಬಿಟ್ಟು, ನೋಟಿಸ್ ಕೊಟ್ಟರೂ ತುಂಬದಿದ್ದರೆ ನಾಮಪತ್ರ ಬೀಳಬಹುದು. ಸುಳ್ಳು ಬರೆದಿದ್ದರೆ ನಾಮಪತ್ರ ಬೀಳುವುದಿಲ್ಲ. ಅದಕ್ಕೆ 1951ರ ಕಾಯ್ದೆಯ 125ಎ ಅಡಿ ನೇರವಾಗಿ ನ್ಯಾಯಾಲಯಕ್ಕೆ ಹೋಗಬೇಕು.

ಮತದಾನದ ದಿನ

ಈ ದಿನದ ದೂರಿಗೆ ಆಯುಸ್ಸು ಕೆಲವೇ ಗಂಟೆ. ಮೊದಲು ಮತಗಟ್ಟೆಯ ಅಧ್ಯಕ್ಷಾಧಿಕಾರಿ, ಅಲ್ಲಿ ಆಗದಿದ್ದರೆ ಸೆಕ್ಟರ್ ಅಧಿಕಾರಿ, ಆಮೇಲೆ ಚುನಾವಣಾಧಿಕಾರಿ ಮತ್ತು ವೀಕ್ಷಕರು. ಬಾಯಲ್ಲಿ ಹೇಳಿದ್ದನ್ನು ಚೀಟಿಯಲ್ಲೂ ಬರೆದುಕೊಡಿ, ಅಧ್ಯಕ್ಷಾಧಿಕಾರಿಯ ಡೈರಿಯಲ್ಲಿ ನಮೂದಿಸಲು ಕೇಳಿ. ಮರುಮತದಾನದ ಪ್ರಶ್ನೆ ಬಂದಾಗ ಮೇಲಿನವರು ಮೊದಲು ತೆಗೆದು ನೋಡುವುದು ಆ ಡೈರಿಯನ್ನೇ.

ಏಜೆಂಟರ ಕೆಲಸ ಮತದಾನ ಶುರುವಾಗುವ 90 ನಿಮಿಷ ಮುಂಚೆಯೇ ಆರಂಭ. ಅಣಕು ಮತದಾನದಲ್ಲಿ ಕನಿಷ್ಠ 50 ಮತ ಹಾಕಿ ಲೆಕ್ಕ ತಾಳೆ ನೋಡಬೇಕು. ನಂತರ ಆ ಮತಗಳನ್ನು ಮತ ದಾಖಲಾಗುವ ಕಂಟ್ರೋಲ್ ಯೂನಿಟ್‌ನಿಂದ ಅಳಿಸಿದ್ದನ್ನೂ ವಿವಿಪ್ಯಾಟ್ (ಹಾಕಿದ ಮತವನ್ನು ಚೀಟಿಯಲ್ಲಿ ಮುದ್ರಿಸಿ ತೋರಿಸುವ ಯಂತ್ರ) ಪೆಟ್ಟಿಗೆಯಿಂದ ಚೀಟಿಗಳನ್ನು ತೆಗೆದದ್ದನ್ನೂ ಕಣ್ಣಾರೆ ನೋಡಿಯೇ ರುಜು ಹಾಕಬೇಕು. ಇದನ್ನು ಅಳಿಸಲು ಮರೆತರೆ ಎಣಿಕೆಯ ದಿನ ಲೆಕ್ಕ ತಪ್ಪುತ್ತದೆ, ಆ ಯಂತ್ರವನ್ನು ಬದಿಗಿಡಬೇಕಾಗುತ್ತದೆ.

ನಕಲಿ ಮತದಾರನೆಂದು ಏಜೆಂಟನಿಗೆ ಅನುಮಾನ ಬಂದರೆ ₹2 ಠೇವಣಿ ಇಟ್ಟು ಆಕ್ಷೇಪಿಸಬಹುದು. ಅಧ್ಯಕ್ಷಾಧಿಕಾರಿ ಅಲ್ಲೇ ವಿಚಾರಿಸಿ ತೀರ್ಮಾನಿಸುತ್ತಾರೆ. ದುರುದ್ದೇಶದಿಂದ ಆಕ್ಷೇಪಿಸಿದ್ದು ಎಂದಾದರೆ ಠೇವಣಿ ಮುಟ್ಟುಗೋಲು.

ನಿಮ್ಮ ಮತ ಬೇರೆಯವರು ಹಾಕಿಹೋಗಿದ್ದರೆ ಟೆಂಡರ್ ಮತಪತ್ರ ಕೇಳಿ. ಅದು ಯಂತ್ರದಲ್ಲಲ್ಲ, ಕಾಗದದ ಮೇಲೆ. ನಮೂನೆ 17ಬಿಯಲ್ಲಿ ನಿಮ್ಮ ರುಜು ಇರಬೇಕು. ಸಾಮಾನ್ಯ ಎಣಿಕೆಯಲ್ಲಿ ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಹಾಗಿದ್ದ ಮೇಲೆ ಹಾಕಿ ಏನು ಫಲ ಎಂದು ಮನೆಗೆ ಹೋಗಬೇಡಿ. ಅಂತರ ತೀರ ಕಡಿಮೆ ಇದ್ದು ವ್ಯಾಜ್ಯ ಹೈಕೋರ್ಟಿಗೆ ಹೋದರೆ ಅದೇ ಮುಖ್ಯವಾಗುತ್ತದೆ. ರಾಜಸ್ಥಾನದ ನಾಥದ್ವಾರದಲ್ಲಿ 2008ರ ಚುನಾವಣೆ ಒಂದೇ ಮತದಲ್ಲಿ ತೀರ್ಮಾನವಾಯಿತು, ಅಲ್ಲಿ ಟೆಂಡರ್ ಮತಗಳ ಮೇಲೆಯೇ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು.

ಒತ್ತಿದ್ದು ಒಂದು, ವಿವಿಪ್ಯಾಟ್‌ನಲ್ಲಿ ಕಂಡದ್ದು ಇನ್ನೊಂದು ಎಂದರೆ ನಿಯಮ 49ಎಂಎ. ನೀವು ಲಿಖಿತ ಘೋಷಣೆ ಕೊಡಬೇಕು, ಸುಳ್ಳಾದರೆ ಶಿಕ್ಷೆ ಎಂದು ಅಧ್ಯಕ್ಷಾಧಿಕಾರಿ ಮೊದಲೇ ಎಚ್ಚರಿಸುತ್ತಾರೆ. ಆಮೇಲೆ ಅವರ ಮತ್ತು ಏಜೆಂಟರ ಎದುರಿಗೆ ಪರೀಕ್ಷಾರ್ಥ ಮತ ಹಾಕಿಸುತ್ತಾರೆ. ತಪ್ಪು ನಿಜವಾದರೆ ಆ ಯಂತ್ರದಲ್ಲಿ ಮತದಾನ ನಿಲ್ಲಿಸಿ ಚುನಾವಣಾಧಿಕಾರಿಗೆ ತಿಳಿಸಬೇಕು. ಚೀಟಿ ಗಾಜಿನ ಹಿಂದೆ ಕಾಣುವುದು 7 ಸೆಕೆಂಡ್ ಮಾತ್ರ. ಸರಿಯಾಗಿ ನೋಡಿದ್ದೇನೆ ಎಂಬ ಖಾತರಿ ಇದ್ದರೆ ಮಾತ್ರ ಈ ಘೋಷಣೆಗೆ ಕೈ ಹಾಕಿ.

ಸಮಯ ಮುಗಿದಾಗ ಸಾಲಿನಲ್ಲಿ ನಿಂತವರಿಗೆಲ್ಲ ಕೊನೆಯವರಿಂದ ಶುರುಮಾಡಿ ಚೀಟಿ ಕೊಡುತ್ತಾರೆ, ಅವರೆಲ್ಲರಿಗೂ ಮತದ ಹಕ್ಕಿದೆ. ಏಜೆಂಟರು ಹೊರಡುವ ಮುಂಚೆ ನಮೂನೆ 17ಸಿ ಭಾಗ 1ರ ದೃಢೀಕೃತ ಪ್ರತಿ ಪಡೆಯಲೇಬೇಕು. ಅದನ್ನು ಕೊಡುವುದು ಅಧ್ಯಕ್ಷಾಧಿಕಾರಿಯ ಕರ್ತವ್ಯ. ಆ ಒಂದು ಹಾಳೆಯಲ್ಲಿ ಯಂತ್ರದ ಸಂಖ್ಯೆ ಮತ್ತು ಒಟ್ಟು ಚಲಾವಣೆಯಾದ ಮತ ಇರುತ್ತದೆ. ಎಣಿಕೆಯ ದಿನ ತಾಳೆ ನೋಡಲು ಅಭ್ಯರ್ಥಿಯ ಕಡೆಯವರಿಗೆ ಬೇರೆ ದಾಖಲೆ ಸಿಗುವುದಿಲ್ಲ.

ಮರುಮತದಾನ ಕೇಳುವುದಿದ್ದರೆ ಅದೇ ಸಂಜೆ, ಹೆಚ್ಚೆಂದರೆ ಮರುದಿನ ಬೆಳಿಗ್ಗೆ ಬರೆದುಕೊಡಿ. ಮರುದಿನವೇ ಚುನಾವಣಾಧಿಕಾರಿ ವೀಕ್ಷಕರ ಎದುರಿಗೆ ಮತ ಹಾಕಿದವರ 17ಎ ರಿಜಿಸ್ಟರ್ ಮತ್ತು ಡೈರಿಗಳನ್ನು ಪರಿಶೀಲಿಸುತ್ತಾರೆ. 1951ರ ಕಾಯ್ದೆಯ 58ನೇ ಕಲಂ ಅಡಿ ತೀರ್ಮಾನಿಸುವುದು ಆಯೋಗ. ಆ ಪರಿಶೀಲನೆ ಮುಗಿದ ಮೇಲೆ ಬಂದ ದೂರಿಗೆ ದಾರಿ ಕಿರಿದು.

ಎಣಿಕೆ ಮೇಜಿನಲ್ಲಿ

ಇಲ್ಲಿ ಕಾಲ ನಿಮಿಷಗಳಲ್ಲಿ. ಪ್ರತಿ ಯಂತ್ರ ಮೇಜಿಗೆ ಬಂದಾಗ ಅದರ ಸಂಖ್ಯೆ, ಮುದ್ರೆ, ಒಟ್ಟು ಮತ ಮೂರನ್ನೂ ನಿಮ್ಮ 17ಸಿ ಪ್ರತಿಯ ಜೊತೆ ನೋಡಿ. ಹೊಂದದಿದ್ದರೆ ಫಲಿತಾಂಶದ ಗುಂಡಿ ಒತ್ತುವ ಮುಂಚೆಯೇ ಲಿಖಿತ ಆಕ್ಷೇಪಣೆ. ವಿಧಾನಸಭಾ ಕ್ಷೇತ್ರಕ್ಕೆ 5 ಮತಗಟ್ಟೆಗಳ ವಿವಿಪ್ಯಾಟ್ ಚೀಟಿಗಳನ್ನು ಎಣಿಸುವುದು 2019ರಿಂದ ಕಡ್ಡಾಯ.

ಅಂಕಿ ಪ್ರಕಟಿಸಿದ ಮೇಲೆ ಚುನಾವಣಾಧಿಕಾರಿ ಸ್ವಲ್ಪ ಹೊತ್ತು ಬಿಡುತ್ತಾರೆ. ಮರುಎಣಿಕೆಯ ಅರ್ಜಿ ಆಗಲೇ ಹೋಗಬೇಕು, ಬರವಣಿಗೆಯಲ್ಲಿ, ಕಾರಣ ಸಮೇತ. ‘ಅಂತರ ಕಡಿಮೆ ಇದೆ’ ಎಂಬುದು ಕಾರಣವಲ್ಲ. ‘ಇಂತಿಷ್ಟನೇ ಮೇಜಿನಲ್ಲಿ ಇಂತಿಷ್ಟು ಅಂಚೆ ಮತಗಳನ್ನು ಈ ಕಾರಣಕ್ಕೆ ತಿರಸ್ಕರಿಸಿದ್ದು ತಪ್ಪು’ ಎಂದರೆ ಕಾರಣ. ಒಪ್ಪಿದರೂ ತಿರಸ್ಕರಿಸಿದರೂ ಕಾರಣ ದಾಖಲಿಸಬೇಕು. ಅಂತಿಮ ಫಲಿತಾಂಶ ಹಾಳೆಗೆ ರುಜು ಬಿದ್ದರೆ ಅವರ ಕೈಯಲ್ಲಿ ಇನ್ನೇನೂ ಇಲ್ಲ. 2023ರಲ್ಲಿ ಬೆಂಗಳೂರಿನ ಜಯನಗರ ಕ್ಷೇತ್ರ ಮರುಎಣಿಕೆಯ ನಂತರ 16 ಮತಗಳಲ್ಲಿ ತೀರ್ಮಾನವಾಯಿತು. ಇಂಥ ಕಡೆ ಒಂದೊಂದು ಅಂಚೆ ಮತದ ಲಕೋಟೆಯೂ ಲೆಕ್ಕ.

ಯಂತ್ರದ ಮೇಲೆಯೇ ಅನುಮಾನವಿದ್ದರೆ 2024ರ ಏಪ್ರಿಲ್ 26ರ ಸುಪ್ರೀಂ ಕೋರ್ಟ್ ತೀರ್ಪಿನ ಪ್ರಕಾರ ಎರಡನೇ ಮತ್ತು ಮೂರನೇ ಸ್ಥಾನದ ಅಭ್ಯರ್ಥಿಗಳು ಫಲಿತಾಂಶದ 7 ದಿನದೊಳಗೆ, ಪ್ರತಿ ವಿಧಾನಸಭಾ ಭಾಗದ ಶೇ 5ರಷ್ಟು ಯಂತ್ರಗಳ ಮೈಕ್ರೊಕಂಟ್ರೋಲರ್ ಪರಿಶೀಲನೆ ಕೇಳಬಹುದು. ಖರ್ಚು ಕೇಳಿದವರದು, ತಿದ್ದಿದ್ದು ಕಂಡುಬಂದರೆ ವಾಪಸ್.

ಹೈಕೋರ್ಟಿನಲ್ಲಿ ತಕರಾರು ಅರ್ಜಿ

ಫಲಿತಾಂಶ ಘೋಷಣೆಯಾದ ದಿನದಿಂದ 45 ದಿನ. ಅಭ್ಯರ್ಥಿ ಹಾಕಬಹುದು, ಆ ಕ್ಷೇತ್ರದ ಯಾವ ಮತದಾರರೂ ಹಾಕಬಹುದು. ಈ 45 ದಿನ ದಾಟಿದರೆ ಎಂಥ ಕಾರಣ ಕೊಟ್ಟರೂ ವಿಳಂಬ ಮನ್ನಾ ಇಲ್ಲ. ಭದ್ರತಾ ಠೇವಣಿ ₹2,000. ಗೆದ್ದವರನ್ನು ಪ್ರತಿವಾದಿ ಮಾಡಬೇಕು. ‘ನನ್ನನ್ನೇ ಆಯ್ಕೆಯಾದವನೆಂದು ಘೋಷಿಸಿ’ ಎಂದೂ ಕೇಳುವುದಿದ್ದರೆ ಕಣದಲ್ಲಿದ್ದ ಎಲ್ಲರನ್ನೂ ಸೇರಿಸಬೇಕು. ಅರ್ಜಿಯಲ್ಲಿ ಭ್ರಷ್ಟ ಆಚರಣೆಯ ಆರೋಪ ಹೊತ್ತ ಅಭ್ಯರ್ಥಿಯನ್ನೂ ಬಿಡುವಂತಿಲ್ಲ. ಇವು ತಪ್ಪಿದರೆ 1951ರ ಕಾಯ್ದೆಯ 86ನೇ ಕಲಂ ಪ್ರಕಾರ ಅರ್ಜಿಯನ್ನು ಒಳಗಿನ ಸತ್ಯ ನೋಡದೆಯೇ ವಜಾ ಮಾಡಬೇಕು. ಆಯೋಗವನ್ನೋ ಚುನಾವಣಾಧಿಕಾರಿಯನ್ನೋ ಪ್ರತಿವಾದಿ ಮಾಡುವಂತಿಲ್ಲ ಎಂದು 1982ರ ಜ್ಯೋತಿ ಬಸು ಪ್ರಕರಣದಲ್ಲಿ ತೀರ್ಮಾನವಾಗಿದೆ. ಭ್ರಷ್ಟ ಆಚರಣೆ ಆರೋಪಿಸಿದರೆ ನಮೂನೆ 25ರ ಪ್ರಮಾಣಪತ್ರ ಜೊತೆಗಿರಬೇಕು, ಯಾರು, ಎಲ್ಲಿ, ಯಾವ ದಿನ ಎಂಬ ಪೂರ್ಣ ವಿವರವಿರಬೇಕು. ಅಧಿಕಾರಿಗಳು ನಿಯಮ ಮುರಿದರು ಎಂಬುದಷ್ಟೇ ಸಾಲದು, ಅದರಿಂದ ಗೆದ್ದವರ ಫಲಿತಾಂಶವೇ ವಾಸ್ತವವಾಗಿ ಬದಲಾಯಿತು ಎಂದು ತೋರಿಸಬೇಕು. ಬಹಳ ಅರ್ಜಿಗಳು ಸೋಲುವುದು ಈ ಕೊನೆಯ ಮೆಟ್ಟಿಲಿನಲ್ಲಿ. 17ಸಿ ಪ್ರತಿ, ಅಂದಿನ ಲಿಖಿತ ಆಕ್ಷೇಪಣೆ, ಹಿಂಬರಹಗಳು ಇಲ್ಲಿ ಕೆಲಸಕ್ಕೆ ಬರುತ್ತವೆ.

ಮತಗಟ್ಟೆ ಮತ್ತು ಎಣಿಕೆ ಕೇಂದ್ರದ ವಿಡಿಯೊ, ಸಿಸಿಟಿವಿ ತುಣುಕುಗಳನ್ನು ಫಲಿತಾಂಶದ ನಂತರ 45 ದಿನ ಮಾತ್ರ ಇಟ್ಟು, ವ್ಯಾಜ್ಯವಿಲ್ಲದಿದ್ದರೆ ಅಳಿಸಬಹುದು ಎಂದು ಆಯೋಗ 2025ರಲ್ಲಿ ಸೂಚಿಸಿದೆ. 2024ರ ಡಿಸೆಂಬರ್‌ನಲ್ಲಿ 1961ರ ಚುನಾವಣೆ ನಡೆಸುವ ನಿಯಮಗಳ ನಿಯಮ 93ಕ್ಕೆ ತಂದ ತಿದ್ದುಪಡಿಯ ನಂತರ ಅವನ್ನು ಸಾರ್ವಜನಿಕರು ಕೇಳಿ ಪಡೆಯುವ ದಾರಿಯೂ ಮುಚ್ಚಿದೆ. ಹೀಗಾಗಿ ಅರ್ಜಿಯನ್ನು 44ನೇ ದಿನಕ್ಕೆ ತಳ್ಳಬೇಡಿ. ಮೊದಲ ವಾರದಲ್ಲೇ ಜಿಲ್ಲಾ ಚುನಾವಣಾಧಿಕಾರಿಗೆ ‘ಇಂಥ ಮತಗಟ್ಟೆಯ, ಇಂಥ ಮೇಜಿನ ವಿಡಿಯೊ ಕಾಯ್ದಿರಿಸಿ’ ಎಂದು ಬರೆಯಿರಿ, ಅರ್ಜಿ ದಾಖಲಾದ ಕೂಡಲೇ ಹೈಕೋರ್ಟಿನಿಂದ ಆ ಆದೇಶವನ್ನೂ ಕೇಳಿ. ಕೋಲಾರ ಜಿಲ್ಲೆಯ ಮಾಲೂರಿನಲ್ಲಿ 2023ರ ಅಂತರ 248 ಮತ. 2025ರ ಸೆಪ್ಟೆಂಬರ್‌ನಲ್ಲಿ ಹೈಕೋರ್ಟ್ ಆ ಆಯ್ಕೆಯನ್ನು ಅಸಿಂಧುಗೊಳಿಸಿ ಮರುಎಣಿಕೆಗೆ ಹೇಳಿದಾಗ ಎಣಿಕೆಯ ವಿಡಿಯೊ ಹಾಜರುಪಡಿಸದೇ ಹೋದದ್ದು ದೊಡ್ಡ ವಿಷಯವಾಯಿತು. ಪ್ರಕರಣ ನಂತರ ಸುಪ್ರೀಂ ಕೋರ್ಟಿಗೆ ಹೋಯಿತು. 6 ತಿಂಗಳಲ್ಲಿ ಮುಗಿಸಲು ಯತ್ನಿಸಬೇಕೆಂದು ಕಾಯ್ದೆ ಹೇಳಿದರೂ ಎರಡು ವರ್ಷಕ್ಕೂ ಮೇಲಾಗಬಹುದು ಎಂಬುದೂ ಇದರಿಂದ ತಿಳಿಯುತ್ತದೆ. ಹೈಕೋರ್ಟಿನ ಆದೇಶದ ಮೇಲೆ 30 ದಿನದೊಳಗೆ 116ಎ ಅಡಿ ಸುಪ್ರೀಂ ಕೋರ್ಟಿಗೆ ಮೇಲ್ಮನವಿ.

ಗ್ರಾಮ ಪಂಚಾಯಿತಿಯ ಲೆಕ್ಕ ಬೇರೆ. 1993ರ ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಕಾಯ್ದೆಯ 15ನೇ ಕಲಂ ಪ್ರಕಾರ ಅವಧಿ 30 ದಿನ ಮಾತ್ರ, ಅರ್ಜಿ ಹೋಗುವುದು ಹೈಕೋರ್ಟಿಗಲ್ಲ, ಅದಕ್ಕೆಂದು ಗೊತ್ತುಪಡಿಸಿದ ಸ್ಥಳೀಯ ನ್ಯಾಯಾಲಯಕ್ಕೆ. 45 ದಿನವಿದೆ ಎಂದುಕೊಂಡು ಕುಳಿತ ಪಂಚಾಯಿತಿ ಅಭ್ಯರ್ಥಿ 31ನೇ ದಿನ ವಕೀಲರ ಬಳಿ ಹೋದರೆ ಅವರೂ ಏನೂ ಮಾಡಲಾರರು.